ಮೂವತ್ತನಾಲ್ಕನೇ ನಂಬರಿನ ಹತ್ತೊಂಬತ್ತು ಸೀಸೆಗಳು

ಆಸ್ಪತ್ರೆಯ ದೊಡ್ಡ ಕಟ್ಟಡ ದಾಟಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ ಹಾದು ಹೋದರೆ ಲ್ಯಾಬಿನ ಹಿಂಬಾಗಿಲು ಸಿಗುತ್ತದೆ. ಆ ಬಾಗಿಲಿನಿಂದ ಮೂವತ್ತೊಂದು ವರ್ಷ ಬೆಳಿಗ್ಗೆ ಎಂಟೂಕಾಲಿಗೆ ಒಳಗೆ ಹೋಗಿ ಸಂಜೆ ಐದಕ್ಕೆ ಹೊರಗೆ ಬಂದ ಹೆಂಗಸೊಬ್ಬಳಿದ್ದಳು. ರೋಗಿಗಳ ಕಫ, ಕೀವು, ರಕ್ತವನ್ನು ಅಗರು ಎಂಬ ಗಟ್ಟಿ ಜೆಲ್ಲಿಯ ಮೇಲೆ ಸವರಿ, ಅಲ್ಲಿ ಏನು ಬೆಳೆಯುತ್ತದೆಂದು ನೋಡಿ ಬರೆಯುವುದು ಅವಳ ಕೆಲಸ. ಅಗರು ತುಂಬಿದ ಆ ಪುಟ್ಟ ತಟ್ಟೆಗಳಿಗೆ ಲ್ಯಾಬಿನವರು ಪ್ಲೇಟು ಎನ್ನುತ್ತಾರೆ. ಹಾಗಾಗಿ ಅವಳಿಗೆ ಪ್ಲೇಟಮ್ಮ ಎಂಬ ಹೆಸರು ಬಿತ್ತು. ಹಿಂದಿನಿಂದ ಕರೆಯುತ್ತಿದ್ದವರು ಮೆಲ್ಲಗೆ ಮುಂದಿನಿಂದಲೂ ಕರೆಯತೊಡಗಿದರು. ಅವಳೂ ಓಗೊಟ್ಟಳು.

ಮದುವೆ ಎಂಬ ಮಾತು ಎರಡು ಸಲ ಬಂದು ಎರಡು ಸಲವೂ ಹಾಗೇ ಹೋಗಿತ್ತು. ಮಹಡಿಯ ಮೇಲಿನ ಒಂದು ಕೋಣೆ, ಒಂದು ಒಲೆ, ಬೀದಿಯ ಕಡೆಗೊಂದು ಕಿಟಕಿ. ಬಂಧು ಎಂದರೆ ಒಬ್ಬಳು ಅಕ್ಕ, ಅದೇ ಊರಿನ ಇನ್ನೊಂದು ತುದಿಯಲ್ಲಿ. ಅಕ್ಕನ ಮನೆಗೆ ಹೋದರೆ ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಬರುತ್ತಿತ್ತು: "ಕೈ ತೊಳ್ಕೊಂಡ್ಯೇನೇ?" ಒಂದು ಸಲ ಫೋನಿನಲ್ಲೂ ಕೇಳಿಬಿಟ್ಟಳು. "ಅಕ್ಕಾ, ತಂತಿಯೊಳಗೆ ಅದು ಬರಲ್ಲ" ಎಂದು ಪ್ಲೇಟಮ್ಮ ನಕ್ಕಳು. ಅಕ್ಕ ನಗಲಿಲ್ಲ. ಅಕ್ಕನ ಮನೆಯಲ್ಲಿ ಅವಳ ಲೋಟ ಬೇರೆ ಕಡೆ ಇರುತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅದೊಂದೇ ಲೋಟ ಪ್ರತಿ ಸಲ ಅವಳ ಮುಂದೆ ಬಂದು ಕೂರುತ್ತಿತ್ತು. ಹೋಗಿ ಬರುವುದು ತಾನಾಗಿಯೇ ಕಡಿಮೆಯಾಯಿತು.

ಪ್ಲೇಟುಗಳಲ್ಲಿ ಅವಳಿಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿದ್ದದ್ದು ಸೂಡೋಮೊನಾಸ್ ಎಂಬ ಬ್ಯಾಕ್ಟೀರಿಯ. ಪ್ಲೇಟುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲು ತೆರೆದ ಕೂಡಲೇ, ಪ್ಲೇಟು ಕಣ್ಣಿಗೆ ಬೀಳುವ ಮೊದಲೇ, ಅದು ಮೂಗಿಗೆ ಬರುತ್ತಿತ್ತು: ಮಾಗಿ ಒಡೆಯಲು ಬಂದ ದ್ರಾಕ್ಷಿಯ ವಾಸನೆ. ಆಮೇಲೆ ಕಾಣುವುದು ಬಣ್ಣ. ಅಗರಿನೊಳಕ್ಕೆಲ್ಲ ಇಳಿದ ನೀಲಿ ಬೆರೆತ ಹಸಿರು. ಅದು ಇಲ್ಲದ ಜಾಗವಿಲ್ಲ. ನಲ್ಲಿಯ ಬಾಯಲ್ಲಿದೆ, ಸಿಂಕಿನ ಕೊಳವೆಯಲ್ಲಿದೆ, ಹೂದಾನಿಯ ಹಳೇ ನೀರಿನಲ್ಲಿದೆ. ಏನೂ ಇಲ್ಲದ ಬಟ್ಟಿ ಇಳಿಸಿದ ನೀರಿನಲ್ಲೂ ಹೇಗೋ ಹೊಟ್ಟೆ ಹೊರೆಯುತ್ತದೆ. ಗಟ್ಟಿಮುಟ್ಟಾದವರು ದಿನಾ ಅದನ್ನು ಕುಡಿದು, ಮುಟ್ಟಿ, ಉಸಿರಾಡಿ ಏನೂ ಆಗದೆ ಓಡಾಡಿಕೊಂಡಿರುತ್ತಾರೆ. ಸುಟ್ಟ ಗಾಯವೋ, ಕೊಳವೆ ಹಾಕಿದ ಗಂಟಲೋ, ಹಾಳಾದ ಶ್ವಾಸಕೋಶವೋ ಕಂಡರೆ ಮಾತ್ರ ಒಳಗೆ ಕಾಲಿಡುತ್ತದೆ. ಇಂಥವನ್ನು ಡಾಕ್ಟರುಗಳು ಸಮಯಸಾಧಕ ಎಂದು ಬರೆಯುತ್ತಾರೆ. ಆ ಮಾತು ಮೊದಲ ಸಲ ಕೇಳಿದಾಗ ಪ್ಲೇಟಮ್ಮನಿಗೆ ತನ್ನ ಹಳೇ ಮೇಲಧಿಕಾರಿಯೊಬ್ಬನ ನೆನಪಾಗಿ ನಗು ತಡೆಯಲಾಗಿರಲಿಲ್ಲ.

ಎದೆರೋಗದ ವಿಭಾಗದಿಂದ ಮೂರು ತಿಂಗಳಿಗೊಮ್ಮೆ ಕೆಲವು ಕಫದ ಡಬ್ಬಿಗಳು ಬರುತ್ತಿದ್ದವು. ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಮೂವತ್ತನಾಲ್ಕನೇ ನಂಬರು ಹತ್ತೊಂಬತ್ತು ವರ್ಷದಿಂದ ತಪ್ಪದೆ ಬರುತ್ತಿತ್ತು. ವರ್ಷಕ್ಕೊಂದು ಸಲ ಅದರಿಂದ ಬೆಳೆದದ್ದನ್ನು ಪುಟ್ಟ ಸೀಸೆಯೊಂದರಲ್ಲಿ ಹಾಕಿ, ಮೇಲೆ ತಾರೀಖು ಬರೆದು ಅವಳು ಡೀಪ್ ಫ್ರೀಜರಿನಲ್ಲಿ ಇಡುತ್ತಿದ್ದಳು. ಉಳಿದ ನಂಬರುಗಳದ್ದೂ ಹಾಗೆಯೇ. ಯಾರೂ ಇಡು ಎಂದು ಹೇಳಿರಲಿಲ್ಲ. ಮೊದಲ ವರ್ಷಗಳಲ್ಲಿ ಮೂವತ್ನಾಲ್ಕರ ಪ್ಲೇಟು ಒಂದೇ ದಿನದಲ್ಲಿ ಹಸಿರಾಗುತ್ತಿತ್ತು. ನಾಲ್ಕೈದು ವರ್ಷ ಕಳೆದ ಮೇಲೆ ಮೈಮೇಲೆ ಲೋಳೆ ಬಂತು. ಪ್ಲೇಟು ಓರೆ ಮಾಡಿದರೆ ಜೇನಿನ ಹಾಗೆ ಜಾರುವಷ್ಟು. ಆಮೇಲೆ ಬಣ್ಣ ಹೋಯಿತು, ವಾಸನೆ ಹೋಯಿತು. ಈಗೀಗ ಮೂರು ದಿನ ಕಾದರೆ ಸೂಜಿಮೊನೆಯಷ್ಟು ಬಿಳಿಚುಕ್ಕೆಗಳು. ಹೊಸಬರು ಅದನ್ನು ನೋಡಿ 'ಏನೂ ಬೆಳೆದಿಲ್ಲ' ಎಂದು ಎಸೆಯಲು ಹೋಗುತ್ತಿದ್ದರು. "ಇರಿ, ಅದಕ್ಕೆ ವಯಸ್ಸಾಗಿದೆ, ಮೆಲ್ಲಗೆ ಬರುತ್ತೆ" ಎಂದು ಇವಳು ಕಿತ್ತುಕೊಳ್ಳುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಐವತ್ತೊಂದನೇ ನಂಬರಿನ ಪ್ಲೇಟು ಎತ್ತಿಕೊಂಡು ಅವಳು ಹಾಗೇ ನಿಂತಳು. ಐವತ್ತೊಂದರದ್ದು ಕಂದು ಬೆರೆತ ಬಣ್ಣ ಬಿಡುವ ಬೇರೆಯೇ ಜಾತಿ; ನಾಲ್ಕು ವರ್ಷದಿಂದ ನೋಡಿದ್ದಳು. ಆ ದಿನ ಪ್ಲೇಟಿನ ತುಂಬ ಇದ್ದದ್ದು ಮೂವತ್ನಾಲ್ಕರ ಲೋಳೆ. ಅದೇ ಜಾರು, ಅದೇ ಅಂಚು. ಡಬ್ಬಿ ಅದಲುಬದಲಾಯಿತೇನೋ ಎಂದು ಇನ್ನೊಂದು ಸಲ ಹಾಕಿದಳು. ಮತ್ತೆ ಅದೇ ಬಂತು. ಪ್ಲೇಟು ಹಿಡಿದು ಆಗಿನ ದೊಡ್ಡ ಡಾಕ್ಟರ ಕೋಣೆಯ ಬಾಗಿಲಿಗೆ ಹೋದಳು. ಅವರು ಫೋನಿನಲ್ಲಿದ್ದರು, ಬೆರಳೆತ್ತಿ ಇರು ಎಂದರು. ಹತ್ತು ನಿಮಿಷ ನಿಂತಳು. ಫೋನು ಮುಗಿಯಲಿಲ್ಲ. ಹೇಳಿದರೂ ಏನೆಂದು ಹೇಳುವುದು? ನೋಡಲು ಒಂದೇ ಥರ ಇದೆ ಎಂದೇ? ಪ್ಲೇಟು ಓದುವವಳು ಕಥೆ ಕಟ್ಟಬೇಡ ಎಂದು ಅವರು ಹಿಂದೊಮ್ಮೆ ಎಲ್ಲರೆದುರು ಅಂದಿದ್ದರು. ವಾಪಸ್ಸು ಬಂದು 'ಸೂಡೋಮೊನಾಸ್ ಬೆಳೆದಿದೆ' ಎಂದಷ್ಟೇ ಬರೆದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮೂರು ವರ್ಷದ ಹಿಂದೆ ಐವತ್ತೊಂದರ ಡಬ್ಬಿ ಬರುವುದು ನಿಂತಿತು. ರಿಜಿಸ್ಟರಿನಲ್ಲಿ ಆ ನಂಬರಿನ ಮುಂದೆ ಕೆಂಪು ಶಾಯಿಯ ಅಡ್ಡಗೆರೆ ಬಂದು ಬಿತ್ತು. ಲ್ಯಾಬಿಗೆ ಸಾವು ತಲುಪುವುದು ಹಾಗೆಯೇ.

ಅವಳ ನಿವೃತ್ತಿಗೆ ಒಂದು ವರ್ಷ ಇರುವಾಗ ಹೊಸ ಡಾಕ್ಟರೊಬ್ಬಳು ಬಂದಳು. ಮೂವತ್ತು ದಾಟಿರದ ಹುಡುಗಿ, ಮಾತು ಪಟಪಟ. ಹಳೇ ಫ್ರೀಜರು ಕೈಕೊಡುವ ಲಕ್ಷಣ ತೋರಿಸಿದಾಗ, ಏನಿಟ್ಟುಕೊಳ್ಳಬೇಕು ಏನೆಸೆಯಬೇಕು ಎಂದು ನೋಡಲು ಕೂತವಳು ಸೀಸೆಗಳ ಸಾಲು ಕಂಡು ಕಣ್ಣರಳಿಸಿದಳು.

"ಅಮ್ಮಾ, ಇದನ್ನೆಲ್ಲ ಯಾರು ಇಟ್ಟಿದ್ದು?"

"ನಾನೇ ಡಾಕ್ಟ್ರೇ. ಜಾಗ ಬೇಕಿದ್ರೆ ತೆಗೀತೀನಿ."

"ತೆಗೀತೀರಾ! ಒಬ್ಬರದೇ ಹತ್ತೊಂಬತ್ತು ವರ್ಷ! ಇದು ಚಿನ್ನ ಕಣಮ್ಮಾ."

ಮೂವತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಯಾರೂ ಅವಳ ಕೆಲಸವನ್ನು ಚಿನ್ನ ಎಂದಿರಲಿಲ್ಲ. ಆ ದಿನ ಪ್ಲೇಟಮ್ಮ ಮಧ್ಯಾಹ್ನದ ಡಬ್ಬಿ ತೆರೆಯುವುದನ್ನೇ ಮರೆತಳು.

ಡಾಕ್ಟರು ಮೂವತ್ನಾಲ್ಕರ ಸೀಸೆಗಳ ಜೊತೆ ಎದೆರೋಗದವರ ಇತರ ಸೀಸೆಗಳನ್ನೂ ಜೀನೋಮ್ ಓದಿಸಲು ಕಳಿಸಿದಳು. ಜೀನೋಮ್ ಎಂದರೆ ಒಂದು ಜೀವಿ ತಾನು ಹೇಗೆ ಬದುಕಬೇಕೆಂದು ತನ್ನೊಳಗೇ ಹೊತ್ತು ತಿರುಗುವ ಬರವಣಿಗೆ. ಈ ಬ್ಯಾಕ್ಟೀರಿಯದ ಬರವಣಿಗೆಯಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಅಕ್ಷರಗಳಿರುತ್ತವೆ. "ಮನುಷ್ಯರಿಗೇ ಇಪ್ಪತ್ತು ಸಾವಿರ ಜೀನು. ಕಣ್ಣಿಗೆ ಕಾಣದ ಇದಕ್ಕೆ ಆರು ಸಾವಿರದ ಹತ್ತಿರ" ಎಂದಳು ಡಾಕ್ಟರು. "ಎಷ್ಟು ದೊಡ್ಡ ಗಂಟುಮೂಟೆ ನೋಡಿ! ಮಣ್ಣಿಗೊಂದು, ನೀರಿಗೊಂದು, ಔಷಧ ಕೊಟ್ರೆ ಹೊರಗೆ ತಳ್ಳೋಕೊಂದು. ಎಲ್ಲಿ ಹೋದರೂ ಬೇಕಾಗುತ್ತೆ ಅಂತ ಕಟ್ಕೊಂಡಿದೆ."

ಎರಡು ತಿಂಗಳಿಗೆ ಉತ್ತರ ಬಂತು. ಡಾಕ್ಟರು ಕಂಪ್ಯೂಟರಿನ ಮುಂದೆ ತನ್ನ ಪಕ್ಕದಲ್ಲೇ ಅವಳಿಗೊಂದು ಕುರ್ಚಿ ಎಳೆದು ಹಾಕಿದಳು. ತೆರೆಯ ಮೇಲೆ ಕವಲೊಡೆದ ಗೆರೆಗಳು.

"ಈ ಹತ್ತೊಂಬತ್ತೂ ಒಂದೇ ತಾಯಿ ಮಕ್ಕಳು. ಒಂದು ಸಲ ಒಳಗೆ ಹೋದದ್ದು ಹೊರಗೆ ಬಂದೇ ಇಲ್ಲ. ಇಲ್ಲಿ ನೋಡಿ, ಆರನೇ ವರ್ಷ ಲೋಳೆ ತಡೆಯೋ ಜೀನು ಕೆಟ್ಟಿದೆ. ಅದಕ್ಕೇ ಜಾರ್ತಾ ಇತ್ತು. ಇಲ್ಲಿ ಬಾಲ ಹೋಯ್ತು, ಇನ್ನು ಈಜೋಕಾಗಲ್ಲ. ಇಲ್ಲಿ ಬಣ್ಣ. ಇವು ಒಂದು ಥರದ ರಸ ಬಿಟ್ಟು, ತಮ್ಮೋರು ಸುತ್ತ ಎಷ್ಟಿದ್ದಾರೆ ಅಂತ ತಿಳ್ಕೊಳ್ತವೆ. ಆ ರಸ ಗುರುತು ಹಿಡಿಯೋ ಜೀನೂ ಹೋಗಿದೆ."

"ಕಿವುಡಾಯ್ತು ಅನ್ನಿ."

"ಹಾಗೇ ಅನ್ನಬಹುದು. ಸುತ್ತ ಲಕ್ಷ ಇದ್ರೂ ಇದಕ್ಕೆ ಗೊತ್ತಾಗಲ್ಲ. ಒಂದು ಶ್ವಾಸಕೋಶದೊಳಗೆ ಆರಾಮಾಗಿರೋಕೆ ಏನು ಬೇಡವೋ ಅದನ್ನೆಲ್ಲ ಒಂದೊಂದಾಗಿ ಬಿಟ್ಟಿದೆ. ಈಗಿನದನ್ನ ತಗೊಂಡು ಹೋಗಿ ಸಿಂಕಿನ ನೀರಲ್ಲಿ ಬಿಟ್ರೆ ಬಾಳೋದು ಕಷ್ಟ."

ಪ್ಲೇಟಮ್ಮ ಗೆರೆಗಳ ಕೆಳಗಿನ ತಾರೀಖುಗಳನ್ನು ನೋಡುತ್ತಿದ್ದಳು. ಎಲ್ಲ ಅವಳದೇ ಕೈಬರಹದಿಂದ ಹೋದ ತಾರೀಖುಗಳು. ಎಂಟನೇ ವರ್ಷದ ಹತ್ತಿರ ಒಂದು ಕವಲು ಪಕ್ಕಕ್ಕೆ ಹೊರಟು, ಬೇರೆ ಬಣ್ಣದಲ್ಲಿ ಮುಂದೆ ಹೋಗಿತ್ತು.

"ಇದೇನು?" ಎಂದಳು. ಕೇಳುವ ಮೊದಲೇ ಗೊತ್ತಿತ್ತು.

"ಅದೇ ನನಗೂ ಆಶ್ಚರ್ಯ. ಇದು ಐವತ್ತೊಂದು. ಮೊದಲ ನಾಲ್ಕು ಸೀಸೆಯಲ್ಲಿ ಅವರದೇ ಬೇರೆ ಇತ್ತು. ಐದನೇದ್ರಿಂದ ಮೂವತ್ನಾಲ್ಕರದ್ದು ಬಂದು ಕೂತಿದೆ. ಬಹಳ ಜೋರಾಗಿ ಬೆಳೆದಿದೆ. ಇಬ್ಬರೂ ಒಂದೇ ದಿನ ಕ್ಲಿನಿಕ್ಕಿಗೆ ಬರ್ತಾ ಇದ್ರಂತೆ. ಆರು ವರ್ಷದ ಹಿಂದೆ ತಾನೇ ಬೇರೆ ಬೇರೆ ದಿನ ಅಂತ ನಿಯಮ ಬಂದಿದ್ದು? ಅಷ್ಟರಲ್ಲಿ ಆಗಿಹೋಗಿತ್ತು. ಆಗಲೇ ಯಾರಾದರೂ ಗಮನಿಸಿದ್ರೆ..." ಡಾಕ್ಟರು ಹೆಗಲು ಕುಣಿಸಿ ಮುಂದಿನ ಪುಟಕ್ಕೆ ಹೋದಳು.

ಪ್ಲೇಟಮ್ಮ ಹೇಳಿಬಿಡಲು ಡಾಕ್ಟರ ಕಡೆ ತಿರುಗಿದಳು. ಬಾಯಿ ತೆರೆದಳು. ಆದರೆ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸುವವರು ಇಷ್ಟು ವರ್ಷಕ್ಕೆ ಒಬ್ಬರು ಸಿಕ್ಕಿದ್ದರು. ತೆರೆದ ಬಾಯಿ ಮುಚ್ಚಿಕೊಂಡಳು.

ಅದಾಗಿ ಹದಿನೈದು ದಿನಕ್ಕೆ ಲ್ಯಾಬಿನ ಕಿಟಕಿಯಲ್ಲಿ ಒಬ್ಬ ಹೆಂಗಸು ನಿಂತಳು. ನಲವತ್ತರ ಆಚೀಚೆ, ಸಣಕಲು ಮೈ, ಬೆರಳ ತುದಿಗಳು ಉಬ್ಬಿ ದುಂಡಾಗಿದ್ದವು. ಮುಖಕ್ಕೆ ಬಟ್ಟೆ ಕಟ್ಟಿದ್ದಳು. ಕೈಯಲ್ಲಿ ಕಫದ ಡಬ್ಬಿ. ಸಾಮಾನ್ಯವಾಗಿ ಅದನ್ನು ಕ್ಲಿನಿಕ್ಕಿನವರು ತಂದುಕೊಡುತ್ತಾರೆ. ರೋಗಿಗಳು ಅಲ್ಲಿಗೆ ಬರುವುದಿಲ್ಲ. ಪ್ಲೇಟಮ್ಮ ಡಬ್ಬಿಯ ಮೇಲಿನ ನಂಬರು ನೋಡಿದಳು. ಮೂವತ್ನಾಲ್ಕು.

ಹತ್ತೊಂಬತ್ತು ವರ್ಷದಿಂದ ಈ ನಂಬರಿಗೆ ಒಂದು ಮುಖ ಇರಬಹುದೆಂದು ಅವಳು ಯೋಚಿಸಿರಲೇ ಇಲ್ಲ.

"ಅಕ್ಕಾ, ಒಂದು ವಿಷಯ ಕೇಳ್ಬೇಕಿತ್ತು" ಎಂದಳು ಹೆಂಗಸು. ಎರಡು ಮಾತಿಗೊಂದು ಸಲ ಪಕ್ಕಕ್ಕೆ ತಿರುಗಿ ಕೆಮ್ಮುತ್ತಿದ್ದಳು. "ನಾನು ಟೈಲರುಗಳಿಗೆ ಕಾಜಾ ಹಾಕಿ ಗುಂಡಿ ಹೊಲಿದುಕೊಡೋಳು. ಮನೇಲೇ ಕೆಲಸ. ನಮ್ಮಣ್ಣನ ಮಗಳಿಗೆ ಕೂಸಾಗಿದೆ. ಮೂರು ತಿಂಗಳು. ಮನೆಯವರು ನನ್ನನ್ನ ಬಾಗಿಲಾಚೆಯೇ ನಿಲ್ಲಿಸ್ತಾರೆ. ನನ್ನ ಎದೇಲಿರೋದು ಕೂಸಿಗೆ ಹೋಗುತ್ತಾ? ಡಾಕ್ಟ್ರನ್ನ ಕೇಳಿದ್ರೆ ಹುಷಾರಾಗಿರಿ ಅಂತಾರೆ. ಹುಷಾರು ಅಂದ್ರೆ ಎಷ್ಟು ಅಂತ ಯಾರೂ ಹೇಳಲ್ಲ."

ಕಿಟಕಿಯಲ್ಲಿ ರೋಗಿಗಳಿಗೆ ಏನೂ ಹೇಳಬಾರದು ಎಂಬುದು ನಿಯಮ. ಪ್ಲೇಟಮ್ಮ ಅವಳನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿ, ಡಾಕ್ಟರ ಹತ್ತಿರ ಹೋಗಿ, ಈ ಸಲ ಬಾಗಿಲಲ್ಲಿ ನಿಲ್ಲದೆ ನೇರವಾಗಿ ಒಳಗೆ ಹೋಗಿ ಕೇಳಿದಳು. ಡಾಕ್ಟರು ಎದ್ದು ಬಂದು ಕಾಜಾದವಳ ಎದುರು ಕೂತಳು. ಮಗು ಆರೋಗ್ಯವಾಗಿದೆಯೇ, ದಿನ ತುಂಬಿ ಹುಟ್ಟಿತೇ ಎಂದೆಲ್ಲ ವಿಚಾರಿಸಿದಳು. "ಹಾಗಿದ್ರೆ ಎತ್ಕೊಳ್ಳಿ. ಕೈ ತೊಳ್ಕೊಳ್ಳಿ, ಮುಖದ ಮೇಲೆ ಕೆಮ್ಮಬೇಡಿ, ಅಷ್ಟೇ. ಗಟ್ಟಿ ಮಕ್ಕಳಿಗೆ ಇದು ಏನೂ ಮಾಡಲ್ಲ. ನಿಮ್ಮ ಥರಾನೇ ಎದೆ ಕೆಟ್ಟಿರೋರಿಂದ ಮಾತ್ರ ನೀವು ದೂರ ಇರ್ಬೇಕು. ಅವರಿಗೆ ನಿಮ್ಮಿಂದ, ನಿಮಗೆ ಅವರಿಂದ ಬರಬಹುದು."

ಡಾಕ್ಟರು ಹೋದ ಮೇಲೂ ಕಾಜಾದವಳು ಏಳಲಿಲ್ಲ. ಕಣ್ಣಿನಲ್ಲಿದ್ದ ನಗು ಮೆಲ್ಲಗೆ ಆರಿತು.

"ನಮ್ಮ ಥರಾನೇ ಇರೋರು" ಎಂದಳು. "ನನಗೆ ಅಂಥೋಳು ಒಬ್ಬಳಿದ್ದಳು ಅಕ್ಕಾ. ಟೀಚರು. ಇದೇ ಕಾಯಿಲೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ಪರಿಚಯ. ನಾನು ಕೆಮ್ಮಿದ್ರೆ ತಿರುಗಿ ನೋಡದೇ ಇದ್ದೋಳು ಅವಳೊಬ್ಬಳೇ. ಒಂದೇ ಬಸ್ಸಲ್ಲಿ ಹೋಗ್ತಿದ್ವಿ, ಒಂದೇ ಬಾಟಲಿ ನೀರು ಕುಡೀತಿದ್ವಿ. ಆಮೇಲೆ ನಿಮ್ಮೋರು ದಿನ ಬದಲಾಯಿಸಿದ್ರು. ಆಮೇಲೆ ಅವಳು ಹೋದಳು." ಸ್ವಲ್ಪ ಹೊತ್ತು ಕೆಮ್ಮಿ, ಬಾಯಿ ಒರೆಸಿಕೊಂಡು ಕೇಳಿದಳು: "ಅವಳಿಗೆ ನನ್ನಿಂದ ಬಂತಾ?"

ಐವತ್ತೊಂದು ಎಂದರೆ ಈ ಟೀಚರು. ಪ್ಲೇಟಮ್ಮನಿಗೆ ಕಂಪ್ಯೂಟರಿನ ಮೇಲಿನ ಕವಲು ಕಣ್ಣಿಗೆ ಕಟ್ಟಿತು. ಅದರ ಹಿಂದೆಯೇ ಹನ್ನೊಂದು ವರ್ಷದ ಹಿಂದಿನ ಆ ಪ್ಲೇಟು, ಆ ಬಾಗಿಲು, ಡಾಕ್ಟರ ಎತ್ತಿದ ಬೆರಳು.

"ಇಲ್ಲಮ್ಮಾ" ಎಂದಳು. "ಹಾಗೆಲ್ಲ ತಲೆ ಕೆಡಿಸ್ಕೋಬೇಡ. ಅದು ಎಲ್ಲ ಕಡೆ ಇರುತ್ತೆ. ನಲ್ಲೀಲೂ ಇರುತ್ತೆ."

ಕಾಜಾದವಳು ಹಗುರಾಗಿ ಎದ್ದು ಹೋದಳು. ಮೂರು ತಿಂಗಳ ನಂತರ ಬಂದ ಡಬ್ಬಿಯ ಜೊತೆ ಒಂದು ಚೀಟಿ ಇತ್ತು: 'ಕೂಸನ್ನು ಎತ್ತಿಕೊಂಡೆ. ನನ್ನ ಕೊರಳ ಸರ ಹಿಡಿದು ಬಿಡಲೇ ಇಲ್ಲ.' ಅದನ್ನು ಪ್ಲೇಟಮ್ಮ ನಾಲ್ಕು ಸಲ ಓದಿದಳು. ಆಮೇಲೆ ಮಡಿಸಿ, ಯಾರಿಗೂ ತೋರಿಸದೆ ಪರ್ಸಿನಲ್ಲಿಟ್ಟುಕೊಂಡಳು.

ನಿವೃತ್ತಿಯ ದಿನ ಲ್ಯಾಬಿನವರು ಒಂದು ಕೇಕು ಕತ್ತರಿಸಿದರು. ಒಂದು ಗೋಡೆ ಗಡಿಯಾರ ಕೊಟ್ಟರು. ಹೊಸ ಡಾಕ್ಟರು ಅವಳ ಸೀಸೆಗಳ ಬಗ್ಗೆ ಎರಡು ಮಾತಾಡಿದಳು. ಮರುದಿನ ಬೆಳಿಗ್ಗೆ ಎಂಟೂಕಾಲಿಗೆ ಪ್ಲೇಟಮ್ಮ ತನ್ನ ಕೋಣೆಯಲ್ಲಿ ಸೀರೆ ಉಟ್ಟು, ತಲೆ ಬಾಚಿ, ಎಲ್ಲಿಗೂ ಹೋಗದೆ ಕೂತಿದ್ದಳು. ಬೀದಿಯಲ್ಲಿ ಶಾಲೆಯ ಮಕ್ಕಳು ಹೋದರು, ಕಚೇರಿಯವರು ಹೋದರು. ಹತ್ತು ಗಂಟೆಯ ಹೊತ್ತಿಗೆ ಬೀದಿ ಖಾಲಿಯಾಯಿತು. ಅಕ್ಕನಿಗೆ ಫೋನು ಮಾಡಿದಳು. "ಇನ್ನೇನು, ಆ ದರಿದ್ರ ಕೆಲಸ ಮುಗೀತಲ್ಲ, ಆರಾಮಾಗಿರು" ಎಂದಳು ಅಕ್ಕ. ಬಾ ಎನ್ನಲಿಲ್ಲ. ಹೀಗೇ ಎರಡು ತಿಂಗಳು ಕಳೆಯಿತು. ಕೆಲಸವಿದ್ದಾಗ ಹತ್ತಿಕ್ಕಿಟ್ಟ ಮಾತು ಈಗ ಇಡೀ ದಿನ ಅವಳ ಎದುರೇ ಕೂತಿರುತ್ತಿತ್ತು. ಇಲ್ಲಮ್ಮಾ ಎಂದಿದ್ದೆ. ಯಾಕೆ ಅಂದೆ? ಅವಳಿಗೆ ನೋವಾಗದಿರಲಿ ಎಂದೋ, ನನ್ನ ಸುದ್ದಿ ಹೊರಬೀಳದಿರಲಿ ಎಂದೋ?

ಒಂದು ಗುರುವಾರ, ಕಾಜಾ ಹಾಕಿಸುವ ನೆಪಕ್ಕೆ, ಹೊಸ ರವಿಕೆಯೊಂದನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಮಾರುಕಟ್ಟೆಯ ಹಿಂದಿನ ಟೈಲರುಗಳಲ್ಲಿ ವಿಚಾರಿಸಿದರೆ, ಕೆಮ್ಮುವ ಕಾಜಾದವಳೇ ಎಂದು ಮೂರನೆಯವನೇ ದಾರಿ ತೋರಿಸಿದ. ಓಣಿಯ ಕೊನೆಯಲ್ಲಿ ಒಂದು ಕೋಣೆ, ಎರಡು ಕಿಟಕಿಯೂ ತೆರೆದಿತ್ತು. ಒಳಗೆ ಅಂಗಿಗಳ ಕಟ್ಟುಗಳು, ದಾರದ ಉಂಡೆಗಳು, ಗುಂಡಿ ತುಂಬಿದ ಡಬ್ಬಿಗಳು. ಕಾಜಾದವಳು ಗುರುತು ಹಿಡಿದು ಮುಖ ಅರಳಿಸಿದಳು. ಕುರ್ಚಿಯ ಮೇಲಿನ ಅಂಗಿಗಳನ್ನು ಕೆಳಗಿಟ್ಟು, ಕಿಟಕಿಯ ಪಕ್ಕಕ್ಕೆ ಎಳೆದಳು.

ಪ್ಲೇಟಮ್ಮ ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. ನಿಂತೇ ಎಲ್ಲ ಹೇಳಿದಳು. ಸೀಸೆಗಳು, ಜೀನೋಮ್, ಟೀಚರ ಐದನೇ ಸೀಸೆ. "ನಿನ್ನಿಂದಲೇ ಹೋಗಿದ್ದು. ಕಿಟಕೀಲಿ ನಾನು ಸುಳ್ಳು ಹೇಳಿದೆ. ಅದಕ್ಕಿಂತ ದೊಡ್ಡದೊಂದಿದೆ. ಹನ್ನೊಂದು ವರ್ಷದ ಹಿಂದೇನೇ ಪ್ಲೇಟು ನೋಡಿ ನನಗೆ ಅನುಮಾನ ಬಂದಿತ್ತು. ಹೇಳೋಕೆ ಬಾಗಿಲ ತನಕ ಹೋಗಿ ವಾಪಸ್ಸು ಬಂದೆ. ಹೇಳಿದ್ರೆ ಟೀಚರಿಗೆ ಆಗಲೇ ಜೋರು ಔಷಧ ಕೊಡ್ತಿದ್ರೋ ಏನೋ. ನಿನ್ನ ತಪ್ಪೇನೂ ಇಲ್ಲ, ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು."

ಕಾಜಾದವಳು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ, ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟಳು.

"ಈಗ ಯಾಕೆ ಹೇಳಿದ್ರಿ?" ಎಂದಳು.

"ನಿನಗೆ ಗೊತ್ತಾಗ್ಬೇಕು ಅಂತ..."

"ನನಗಲ್ಲ. ನಿಮ್ಮ ಹೊರೆ ಇಳಿಸ್ಕೊಳ್ಳೋಕೆ ಬಂದ್ರಿ." ದನಿ ಏರಲಿಲ್ಲ. "ಆವತ್ತು ಹೇಳಿದ್ರೆ ಆವತ್ತೇ ಅತ್ತು ಮುಗಿಸ್ತಿದ್ದೆ. ಇಲ್ಲ ಅಂದ್ರಿ. ಆರು ತಿಂಗಳು ಟೀಚರ ನೆನಪು ಮಾಡ್ಕೊಂಡು ನಗ್ತಾ ಕೆಲಸ ಮಾಡ್ದೆ ನಾನು. ಈಗ ಆ ಆರು ತಿಂಗಳೂ ಹೋಯ್ತು. ಒಂದೇ ಬಾಟಲಿ ನೀರು ಅಂದೆನಲ್ಲ, ಆ ಬಾಟಲಿ ನನ್ನದು. ಬೇಡ ಅಂದ್ರೂ ನಾನೇ ಕುಡಿಸ್ತಿದ್ದೆ." ಆಮೇಲೆ ಬಾಗಿಲ ಕಡೆ ಕೈ ತೋರಿಸಿದಳು. "ಹೋಗಿ ಅಕ್ಕಾ. ಈಗ ಹೋಗಿ."

ಪ್ಲೇಟಮ್ಮ ಓಣಿಯ ತುದಿಗೆ ಬರುವಷ್ಟರಲ್ಲಿ ಹಿಂದೆ ಕೆಮ್ಮು ಶುರುವಾಗಿತ್ತು. ಮಾರುಕಟ್ಟೆಯ ಗದ್ದಲದಲ್ಲಿ ಅದು ಕೇಳಿಸದಾಗುವವರೆಗೂ ಅವಳು ಮೆಲ್ಲಗೇ ನಡೆದಳು. ಮನೆಗೆ ಬಂದು ನೋಡಿದರೆ ರವಿಕೆಯ ಚೀಲ ಅಲ್ಲೇ ಬಿಟ್ಟು ಬಂದಿದ್ದಳು. ಹೊರೆ ಇಳಿದಿತ್ತೇ? ಇಳಿದಿತ್ತು. ಕಾಜಾದವಳು ಹೇಳಿದ್ದು ನಿಜ ಎಂದು ಅದರಿಂದಲೇ ಗೊತ್ತಾಯಿತು. ಅದಕ್ಕಾಗಿ ನಾಚಿಕೆಯೂ ಆಯಿತು.

ಮುಂದಿನ ಗುರುವಾರ ಮತ್ತೆ ಹೋದಳು. ಬಾಗಿಲು ತೆರೆಯಲಿಲ್ಲ. ಒಳಗೆ ಕತ್ತರಿಯ ಸದ್ದು ಕೇಳುತ್ತಿತ್ತು. ಅರ್ಧ ಗಂಟೆ ಮೆಟ್ಟಿಲ ಮೇಲೆ ಕೂತು ವಾಪಸ್ಸು ಬಂದಳು. ಅದರ ಮುಂದಿನ ವಾರವೂ ಅಷ್ಟೇ. ನಾಲ್ಕನೇ ಗುರುವಾರ ಮೆಟ್ಟಿಲ ಮೇಲೆ ಕೂತಿದ್ದಾಗ ಬಾಗಿಲು ಅರ್ಧ ತೆರೆದು, ಒಂದು ಕಟ್ಟು ಅಂಗಿ ಹೊರಗೆ ಬಂತು.

"ಸುಮ್ನೆ ಕೂರೋ ಬದಲು ದಾರದ ತುದಿ ಕತ್ತರಿಸಿ" ಎಂದಳು ಕಾಜಾದವಳು. ಕತ್ತರಿಯನ್ನೂ ಇಟ್ಟು ಒಳಗೆ ಹೋದಳು. ಬಾಗಿಲು ಮುಚ್ಚಲಿಲ್ಲ.

ಇಪ್ಪತ್ತಮೂರು ಅಂಗಿ. ಪ್ರತಿ ಕಾಜಾದ ಹಿಂದೆ ಒಂದು ಎಳೆ. ಪ್ಲೇಟು ನೋಡಿ ಪಳಗಿದ ಕಣ್ಣಿಗೆ ಒಂದೂ ತಪ್ಪಲಿಲ್ಲ. ನಡುವೆ ಒಳಗಿನಿಂದ ಒಂದೇ ಒಂದು ಪ್ರಶ್ನೆ ಬಂತು: "ಟೀಚರದ್ದು ಆ ಸೀಸೇಲಿ ಇನ್ನೂ ಇದೆಯಾ? ಜೀವಂತ?"

"ಇದೆ. ಹೊಸ ಫ್ರೀಜರಿಗೆ ಹಾಕಿದ್ದಾರೆ."

"ಮೊದಲಿದ್ದ ಅವಳದೇನಾ, ನನ್ನದಾ?"

"ಎರಡೂ ಇದೆ."

ಒಳಗೆ ಗುಂಡಿ ಡಬ್ಬಿಯ ಮುಚ್ಚಳ ತೆರೆದ ಸದ್ದಾಯಿತು. ಸಂಜೆಯಾಗುವ ಹೊತ್ತಿಗೆ ಅಂಗಿಗಳನ್ನು ಮಡಿಸಿ ಹೊಸಿಲ ಮೇಲಿಟ್ಟು ಪ್ಲೇಟಮ್ಮ ಎದ್ದಳು.

ಅವಳು ಈಗಲೂ ಗುರುವಾರ ಹೋಗುತ್ತಾಳೆ. ಕೆಲವು ಗುರುವಾರ ಕುರ್ಚಿ ಕಿಟಕಿಯ ಪಕ್ಕಕ್ಕೆ ಬಂದಿರುತ್ತದೆ. ಕೂಸಿಗೆ ಹಲ್ಲು ಬಂದದ್ದು, ಟೈಲರುಗಳ ತಕರಾರು ಎಂದು ನಾಲ್ಕು ಮಾತಾಗುತ್ತದೆ. ಟೀಚರ ಸುದ್ದಿ ಬಂದರೆ ಇಬ್ಬರೂ ಕೆಲಸದ ಮೇಲೆ ಬಗ್ಗುತ್ತಾರೆ. ಕೆಲವು ಗುರುವಾರ ಬಾಗಿಲು ಮುಚ್ಚಿರುತ್ತದೆ. ಆಗ ಅವಳು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಒಳಗಿನ ಕೆಮ್ಮು ಹೇಗಿದೆಯೆಂದು ಕಿವಿಗೊಟ್ಟು ಕೇಳಿ, ಬಿಸಿಲು ಇಳಿಯುವ ಮೊದಲು ಮನೆಗೆ ಹೊರಡುತ್ತಾಳೆ.